ಏಪ್ರಿಲ್‌ನಲ್ಲಿ ಕೇದಾರಕಂಠ: ನಾಲ್ಕು ಜನ, ಹೆಗಲ ಮೇಲೆ ನಮ್ಮದೇ ಹೊರೆ. ಪ್ಲಾನ್ ತಿದ್ದಿಕೊಡಿ

ಮಂಡಕ್ಕಿ_ಮಿರ್ಚಿ (ದಾವಣಗೆರೆ)

ಯುಗಾದಿ ಮುಗಿದ ಮೇಲೆ, ಏಪ್ರಿಲ್ ಮೊದಲ ಎರಡು ವಾರದೊಳಗೆ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದೀವಿ. ಇಬ್ಬರು ದಾವಣಗೆರೆಯವರು, ಇಬ್ಬರು ದುರ್ಗದವರು. ಕುಮಾರಪರ್ವತ, ಕೊಡಚಾದ್ರಿ ಮಟ್ಟದ ನಡಿಗೆ ಎಲ್ಲರಿಗೂ ಐತೆ, ಹಿಮದ ಮೇಲೆ ಯಾರೂ ಕಾಲಿಟ್ಟಿಲ್ಲ. ಪ್ಯಾಕೇಜ್ ಬೇಡ ಅಂತ ತೀರ್ಮಾನ. ಟೆಂಟು, ಅಡುಗೆ, ಹೊರೆ ಎಲ್ಲಾ ನಮ್ಮದೇ.

ಈಗಿರೋ ಪ್ಲಾನ್ ಹಿಂಗೈತೆ. ದಿನ 1: ಡೆಹ್ರಾಡೂನ್‌ನಿಂದ ಸಾಂಕ್ರಿ (1,950 ಮೀ.). ದಿನ 2: ಜೂಡಾ ಕಾ ತಾಲಾಬ್ (ಸುಮಾರು 2,770 ಮೀ.). ದಿನ 3: ಕೇದಾರಕಂಠ ಬೇಸ್, ಅಂದ್ರೆ ತುದಿಗೆ ಮೊದಲಿನ ಕೊನೇ ಕ್ಯಾಂಪ್ (ಸುಮಾರು 3,400 ಮೀ.). ದಿನ 4: ಬೆಳಿಗ್ಗೆ 7ಕ್ಕೆ ತಿಂಡಿ ಮುಗಿಸಿ ಹೊರಟು ತುದಿ (3,810 ಮೀ.) ಮುಟ್ಟೋದು, ಮಧ್ಯಾಹ್ನ ಇಳಿದು ಹಂಗೇ ಸಾಂಕ್ರಿಗೆ. ದಿನ 5: ಡೆಹ್ರಾಡೂನ್.

ಕೇಳಬೇಕಿರೋದು ಮೂರು. ಏಪ್ರಿಲ್ ಅಂದ್ರೆ ಬೇಸಿಗೆ ತಾನೇ, ಅಷ್ಟೊಂದು ಬೆಚ್ಚಗಿನ ಸಾಮಾನು ಹೊರಬೇಕಾ? ಗ್ಯಾಸ್ ಎಷ್ಟು ಒಯ್ಯಬೇಕು? ಗೈಡ್ ಬೇಕೇ ಬೇಕಾ?

ಏಳುಸುತ್ತು (ಚಿತ್ರದುರ್ಗ)

ಮೊದಲು ದಿನ 4 ನೋಡೋಣ, ಉಳಿದದ್ದು ಆಮೇಲೆ. ಬೆಳಿಗ್ಗೆ 7ಕ್ಕೆ ತಿಂಡಿ ತಿಂದು ಹೊರಡೋದು ಕೊಡಚಾದ್ರಿಗೆ ಸರಿ, ವಸಂತದ ಹಿಮಕ್ಕೆ ಆಗಲ್ಲ.

ಏಪ್ರಿಲ್‌ನಲ್ಲಿ ಹಿಮ ಹಗಲು ಕರಗುತ್ತೆ, ರಾತ್ರಿ ಗಟ್ಟಿಯಾಗುತ್ತೆ. ಆಕಾಶ ಶುಭ್ರವಾಗಿದ್ದ ರಾತ್ರಿಯ ನಂತರ ನಸುಕಿನಲ್ಲಿ ಮೇಲ್ಪದರ ಸಿಮೆಂಟಿನ ನೆಲದ ಹಂಗಿರುತ್ತೆ, ಬೂಟಿಗೆ ತೊಡಿಸೋ ಮುಳ್ಳು (ಸ್ಪೈಕ್ಸ್) ಕಚ್ಚುತ್ತೆ, ಕಾಲು ಹೂಳಲ್ಲ. ಬಿಸಿಲು ಬಿದ್ದು ಎರಡು ಮೂರು ಗಂಟೆಗೆ ಅದೇ ಪದರ ಸಡಿಲ. ಹತ್ತು ಗಂಟೆ ದಾಟಿದರೆ ಮೊಣಕಾಲುದ್ದ ಹೂತುಹೋಗುತ್ತೆ. ಒಂದು ಕಿಲೋಮೀಟರಿಗೆ ಇಪ್ಪತ್ತು ನಿಮಿಷ ಹಿಡಿಯೋ ಕಡೆ ಒಂದು ಗಂಟೆ ಹೋಗುತ್ತೆ. ಹೂತ ಕಾಲನ್ನು ಹೊರೆ ಸಮೇತ ಎಳೆಯೋವಾಗ ಮೊಣಕಾಲು ತಿರುಚಿಕೊಳ್ಳೋದು ಇಲ್ಲೇ. ಅದಕ್ಕಿಂತ ಮುಖ್ಯ, ಕಡಿದಾದ ಇಳಿಜಾರಿನಲ್ಲಿ ಒದ್ದೆ ಹಿಮ ಜಾರೋ ಹೊತ್ತೂ ಅದೇ.

ಹಾಗಾಗಿ ಹೊರಡೋದು ನಸುಕಿನ 3:30ರಿಂದ 4ರೊಳಗೆ. ಏಪ್ರಿಲ್ ಮೊದಲ ವಾರ ಆ ಕಡೆ ಸೂರ್ಯೋದಯ ಆರರ ಆಸುಪಾಸು. 7:30ಕ್ಕೆ ತುದಿ, 8ಕ್ಕೆ ಇಳಿಯೋಕೆ ಶುರು, 10ರೊಳಗೆ ಬೇಸ್. ತುದಿ ಕಣ್ಣೆದುರೇ ಇದ್ದರೂ 8:30ಕ್ಕೆ ಹಿಂದಿರುಗೋದು. ಈ ಗಡಿಯಾರವನ್ನು ಊರಲ್ಲೇ ಕೂತು ನಾಲ್ಕೂ ಜನ ಒಪ್ಪಿಕೊಂಡು ಹೊರಡಿ. ಮೇಲೆ ಹೋದ ಮೇಲೆ ಚರ್ಚೆಗಿಟ್ಟರೆ "ಇನ್ನೊಂದು ಹತ್ತೇ ನಿಮಿಷ" ಅನ್ನೋರು ಗೆಲ್ತಾರೆ.

ಇನ್ನೊಂದು ಪರೀಕ್ಷೆ. 3:30ಕ್ಕೆ ಟೆಂಟಿನಿಂದ ಆಚೆ ಬಂದು ಬೂಟಿನಿಂದ ಹಿಮ ಒತ್ತಿ. ಗಟ್ಟಿ ಇದ್ದು ಗುರುತು ಮಾತ್ರ ಬಿದ್ದರೆ ಸರಿ. ಆ ಹೊತ್ತಿಗೇ ಕಾಲು ಹರಡಿನವರೆಗೆ ಹೂತರೆ ರಾತ್ರಿ ಹೆಪ್ಪುಗಟ್ಟಿಲ್ಲ ಅಂತ ಅರ್ಥ. ಮೋಡ ಮುಚ್ಚಿದ ರಾತ್ರಿ ಹಿಂಗಾಗುತ್ತೆ, ಯಾಕಂದ್ರೆ ನೆಲದ ಶಾಖ ಆಕಾಶಕ್ಕೆ ಹೋಗೋಕೆ ಮೋಡ ಬಿಡಲ್ಲ. ಅಂಥ ದಿನ ತುದಿ ಬಿಡಿ, ವಾಪಸ್ ಮಲಗಿ.

ಬಾತಿಗುಡ್ಡ (ದಾವಣಗೆರೆ)

ಏಪ್ರಿಲ್ ಬೇಸಿಗೆ ಅನ್ನೋ ಮಾತಿಗೆ: ನಮ್ಮೂರಲ್ಲಿ ಆಗ 38 ಡಿಗ್ರಿ ಇರುತ್ತೆ ಅಂತ ಅಲ್ಲಿಯ ಲೆಕ್ಕ ಹಾಕಬೇಡಿ. ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತೆ. ಸಾಂಕ್ರಿಯಲ್ಲಿ ರಾತ್ರಿ 5 ಡಿಗ್ರಿ ಇದ್ದರೆ ಬೇಸ್‌ನಲ್ಲಿ ಮೈನಸ್ 4–5. ಅದರ ಮೇಲೆ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 13ರ ಚಳಿ. ಪಶ್ಚಿಮದ ಹವಾ ಅಲೆಗಳು ಮಾರ್ಚ್, ಏಪ್ರಿಲ್‌ನಲ್ಲೂ ಬರುತ್ತವೆ, ಒಂದೇ ರಾತ್ರಿಗೆ ಮೊಣಕಾಲುದ್ದ ಹೊಸ ಹಿಮ ಹಾಕಿಹೋಗಬಹುದು.

2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿದ್ದು ಕರ್ನಾಟಕದಿಂದ ಹೋದ ಚಾರಣಿಗರ ತಂಡವೇ. 22 ಜನರಲ್ಲಿ 9 ಜನ ತೀರಿಕೊಂಡರು. ಅದು ಜೂನ್. ಎತ್ತರ ಇದಕ್ಕಿಂತ ಜಾಸ್ತಿ ನಿಜ. ಆದರೆ ತಿಂಗಳ ಹೆಸರು ನೋಡಿ ಬಟ್ಟೆ ತುಂಬಬಾರದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಎರಡು ಮೂರು ಅಂಕಿ ಇರುತ್ತೆ. ಕಂಫರ್ಟ್ ಅಂತ ಬರೆದಿರೋದನ್ನು ನಂಬಿ. ಲಿಮಿಟ್ ಅಂದ್ರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯೋ ಮಟ್ಟ, ಎಕ್ಸ್‌ಟ್ರೀಮ್ ಅಂದ್ರೆ ಸಾಯದೆ ಉಳಿಯೋ ಮಟ್ಟ. ನಿಮಗೆ ಕಂಫರ್ಟ್ ಮೈನಸ್ 7 ಅಥವಾ ಅದಕ್ಕೂ ಕೆಳಗಿನದು ಬೇಕು. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಮೈನಸ್ 10 ಅಂತಿದ್ದರೆ ಅದು ಯಾವ ಮಟ್ಟದ್ದು ಅಂತ ಕೇಳಿ.

ಬ್ಯಾಗಿಗಿಂತ ಜನ ಜಾಸ್ತಿ ಎಡವೋದು ಕೆಳಗಿನ ಚಾಪೆಯಲ್ಲಿ. ಮೈ ಭಾರಕ್ಕೆ ಬ್ಯಾಗಿನ ತುಪ್ಪಳ ಅಪ್ಪಚ್ಚಿಯಾಗಿ ಕೆಳಗಡೆ ಏನೂ ಉಳಿಯಲ್ಲ, ಚಳಿ ತಡೆಯೋದು ಚಾಪೆ ಒಂದೇ. ಹಿಮದ ಮೇಲೆ ಆರ್-ವ್ಯಾಲ್ಯೂ (ಚಾಪೆ ಚಳಿ ತಡೆಯೋ ಅಳತೆ) 4–5 ಬೇಕು. ಮಡಚೋ ಒಳ್ಳೆ ಫೋಮ್ ಚಾಪೆ ಸುಮಾರು 2. ಒಂದರ ಮೇಲೊಂದು ಹಾಕಿದರೆ ಅಂಕಿ ಕೂಡುತ್ತೆ, ಹಂಗಾಗಿ ಎರಡು ಫೋಮ್, ಇಲ್ಲಾ ಒಂದು ಫೋಮ್ ಮೇಲೆ ಒಂದು ಗಾಳಿ ಚಾಪೆ. ಗಾಳಿಯದು ತೂತಾದರೂ ಕೆಳಗಿನದು ಉಳಿಯುತ್ತೆ.

ಕುಂದವಾಡ_ಏರಿ (ದಾವಣಗೆರೆ)

ಗ್ಯಾಸ್ ಲೆಕ್ಕ ನಂದು. ಮೊದಲನೇದು, ಕ್ಯಾನ್ ಇಲ್ಲಿಂದ ಒಯ್ಯಂಗಿಲ್ಲ. ವಿಮಾನದಲ್ಲಂತೂ ಇಲ್ಲ. ರೈಲಿನಲ್ಲೂ ಉರಿಯೋ ವಸ್ತು ಸಾಗಿಸೋದು ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅಪರಾಧ, ಜೈಲೂ ಆಗಬಹುದು. ಡೆಹ್ರಾಡೂನ್‌ನಲ್ಲಿ ಕೊಳ್ಳಿ. ಅಂಗಡಿಗೆ ಮುಂಚೆಯೇ ಫೋನ್ ಮಾಡಿ ಸ್ಟಾಕ್ ಕೇಳಿ, ನಿಮ್ಮ ಸ್ಟವ್ ಸ್ಕ್ರೂ ಬಾಯಿಯದಾ ಅಂತ ಖಾತ್ರಿ ಮಾಡ್ಕೊಳ್ಳಿ. ಉದ್ದನೆ ಕ್ಯಾನ್‌ಗೆ ಅಡಾಪ್ಟರ್ ಬೇಕಾಗುತ್ತೆ.

ಇನ್ನು ಎಷ್ಟು? ಒಂದು ಗ್ರಾಂ ಹಿಮ ಬರೀ ನೀರಾಗೋಕೆ 334 ಜೌಲ್ ತಿನ್ನುತ್ತೆ. ಸಾಧಾರಣ ಸ್ಟವ್‌ನಲ್ಲಿ ಅರ್ಧ ಶಾಖ ಗಾಳಿಗೆ ಹೋಗುತ್ತೆ ಅಂತ ಹಿಡಿದರೆ, ಒಂದು ಲೀಟರ್ ನೀರಿನಷ್ಟು ಹಿಮ ಕರಗಿಸೋಕೆ ಸುಮಾರು 15 ಗ್ರಾಂ ಗ್ಯಾಸ್, ಅದನ್ನೇ ಕುದಿಸೋಕೆ ಇನ್ನೂ 16 ಗ್ರಾಂ. ತಲೆಗೆ ದಿನಕ್ಕೆ 4 ಲೀಟರ್ ಅಂದ್ರೆ ನಾಲ್ವರಿಗೆ 16. ಎಲ್ಲಾ ಹಿಮದಿಂದಲೇ ಮಾಡಿ ಅರ್ಧ ಕುದಿಸಿದರೆ ದಿನಕ್ಕೆ 370 ಗ್ರಾಂ, ಅಂದ್ರೆ 230 ಗ್ರಾಂ ಕ್ಯಾನ್ ಒಂದೂವರೆಗಿಂತ ಜಾಸ್ತಿ. ಹರಿಯೋ ನೀರು ಸಿಕ್ಕಿದರೆ 130 ಗ್ರಾಂನಲ್ಲಿ ಮುಗಿಯುತ್ತೆ. ಅದಕ್ಕೇ ಟೆಂಟಿನ ಜಾಗ ಆರಿಸುವಾಗ ನೋಟಕ್ಕಿಂತ ನೀರು ನೋಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ತೊರೆ ಹರಿಯುತ್ತಿರುತ್ತೆ, ಬೆಳಗಿನ ಜಾವಕ್ಕೆ ಅದೇ ತೊರೆ ಕಟ್ಟಿಕೊಂಡಿರುತ್ತೆ. ಸಂಜೆಯೇ ಪಾತ್ರೆ, ಬಾಟಲಿ ಎಲ್ಲಾ ತುಂಬಿಡಿ.

ಹಿಮ ಕರಗಿಸೋವಾಗ ತಳದಲ್ಲಿ ಎರಡು ಲೋಟ ನೀರು ಹಾಕಿಕೊಂಡೇ ಶುರು ಮಾಡಿ. ಒಣ ಹಿಮ ನೇರ ಹಾಕಿದರೆ ತಳದ್ದು ಕರಗಿ ಮೇಲಿನ ಹಿಮ ಅದನ್ನು ಹೀರಿಕೊಳ್ಳುತ್ತೆ, ತಳ ಖಾಲಿ ಉಳಿದು ಪಾತ್ರೆ ಸೀದು ನೀರಿಗೆ ಸುಟ್ಟ ವಾಸನೆ ಬರುತ್ತೆ.

ಜೋಗಿಮಟ್ಟಿ (ಚಿತ್ರದುರ್ಗ)

@ಕುಂದವಾಡ_ಏರಿ ಸಾರ್, ಕ್ಯಾನ್‌ನಲ್ಲಿ ಬರೀ ಬ್ಯೂಟೇನ್ ಇದ್ದರೆ ಸೊನ್ನೆ ಡಿಗ್ರಿ ಕೆಳಗೆ ಅದು ಆವಿಯೇ ಆಗಲ್ಲ, ಅರ್ಧ ತುಂಬಿದ್ದರೂ ಒಲೆ ಆರುತ್ತೆ. ಅದನ್ನ ಬಿಟ್ರಲ್ಲ.

ಕುಂದವಾಡ_ಏರಿ

ಮಾತು ಸರಿ, ಅಂಕಿ ಸಮುದ್ರಮಟ್ಟದ್ದು. ಬ್ಯೂಟೇನ್ ಕುದಿಯೋದು ಮೈನಸ್ ಅರ್ಧ ಡಿಗ್ರಿಗೆ, ಐಸೊಬ್ಯೂಟೇನ್ ಮೈನಸ್ 12ರ ಹತ್ತಿರ, ಪ್ರೊಪೇನ್ ಮೈನಸ್ 42. ಆದರೆ 3,400 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ ಅಷ್ಟೇ. ಅಲ್ಲಿ ಬ್ಯೂಟೇನ್ ಕೂಡ ಮೈನಸ್ 11ರವರೆಗೆ ಆವಿಯಾಗುತ್ತೆ. ಒತ್ತಡ ತೀರಾ ಕಮ್ಮಿ ಇರೋದರಿಂದ ಉರಿ ಸೊರಗುತ್ತೆ, ಅದೇ ತೊಂದರೆ. ಉರಿಯುತ್ತಾ ಹೋದಂಗೆ ಕ್ಯಾನ್ ತನ್ನಷ್ಟಕ್ಕೆ ತಣ್ಣಗಾಗೋದೂ ಸೇರಿಕೊಳ್ಳುತ್ತೆ. ಉಪಾಯ ಸುಲಭ: ರಾತ್ರಿ ಕ್ಯಾನನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ, ಉರಿಸೋವಾಗ ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ನಿಲ್ಲಿಸಿ. ಕುದಿಯೋ ನೀರು ಬೇಡ, ಕ್ಯಾನ್ ಕೈಗೆ ಬೆಚ್ಚಗೆ ಹತ್ತಿದರೂ ತೆಗೆದುಬಿಡಿ. ಗಾಳಿ ಮರೆಗೆ ತಗಡು ಸುತ್ತುವವರು ಕ್ಯಾನ್‌ನ ಸುತ್ತಲೂ ಪೂರ್ತಿ ಮುಚ್ಚಬಾರದು, ಕಾದು ಸಿಡಿಯುತ್ತೆ.

ಮುಚ್ಚಿದ ಟೆಂಟಿನೊಳಗೆ ಒಲೆ ಹಚ್ಚೋ ಮಾತೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಚಂದ್ರವಳ್ಳಿ (ಚಿತ್ರದುರ್ಗ)

ಊಟದ ಬಗ್ಗೆ ಯಾರೂ ಎತ್ತಿಲ್ಲ. 3,400 ಮೀಟರಿನಲ್ಲಿ ನೀರು 88–89 ಡಿಗ್ರಿಗೇ ಕುದಿಯುತ್ತೆ. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯಲ್ಲ, ಅಕ್ಕಿ ನಡುವೆ ಗಂಟು ಉಳಿಯುತ್ತೆ. ಕುಕ್ಕರ್ ಹೊರೋ ಯೋಚನೆ ಇಲ್ಲದಿದ್ದರೆ ಬೇಯಿಸಬೇಕಾದ್ದನ್ನೆಲ್ಲ ಮನೆಯಲ್ಲೇ ಬಿಟ್ಟುಬಿಡಿ.

ಕೆಲಸಕ್ಕೆ ಬರೋದು ನಮ್ಮ ಅಡುಗೆಮನೆಯಲ್ಲೇ ಇದೆ. ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿ ಪುಡಿ ಸಮೇತ, ಹುರಿಹಿಟ್ಟು, ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಚಿಕ್ಕಿ, ಬೆಲ್ಲ. ತಲೆಗೆ ದಿನಕ್ಕೆ 700ರಿಂದ 800 ಗ್ರಾಂ ಒಣ ಪದಾರ್ಥ, 3,000 ಕ್ಯಾಲೊರಿ ಮೇಲೆ ಬರೋ ಹಾಗೆ. 100 ಗ್ರಾಂ ಅವಲಕ್ಕಿಯಲ್ಲಿ 350ರ ಹತ್ತಿರ ಕ್ಯಾಲೊರಿ, ಶೇಂಗಾದಲ್ಲಿ 560ರ ಮೇಲೆ, ತುಪ್ಪದಲ್ಲಿ 900ರ ಹತ್ತಿರ. ಹಾಗಾಗಿ ರಾತ್ರಿ ಊಟಕ್ಕೆ ತಲಾ ಎರಡು ಚಮಚ ತುಪ್ಪ ಹಾಕಿ, ಮಲಗಿದ ಮೇಲೂ ಮೈ ಬೆಚ್ಚಗಿರುತ್ತೆ. ತುಪ್ಪದ ಡಬ್ಬಿ ಅಗಲ ಬಾಯಿಯದಿರಲಿ, ಕಲ್ಲಾದ ತುಪ್ಪ ಬಾಟಲಿಯಿಂದ ಬರಲ್ಲ.

ರೊಟ್ಟಿ ಪುಡಿಯಾಗುತ್ತೆ ಅಂತ ಹೆದರಬೇಡಿ, ಪುಡಿಯನ್ನೇ ಬಿಸಿನೀರು, ಚಟ್ನಿಪುಡಿ, ತುಪ್ಪದಲ್ಲಿ ಕಲಸಿ ತಿನ್ನಬಹುದು. ಬೆಳಗಿನ 3 ಗಂಟೆಗೆ ಯಾರಿಗೂ ಹಸಿವಿರಲ್ಲ, ಆಗ ಹುರಿಹಿಟ್ಟು ಬೆಲ್ಲದ ಬಿಸಿ ಅಂಬಲಿ ಸುಲಭವಾಗಿ ಇಳಿಯುತ್ತೆ. ನಡುವೆ ತಿನ್ನೋದನ್ನು ಎದೆ ಜೇಬಿನಲ್ಲಿಡಿ. ಹೊರಗಿಟ್ಟ ಚಿಕ್ಕಿ ಹಲ್ಲು ಮುರಿಯೋಷ್ಟು ಗಟ್ಟಿಯಾಗುತ್ತೆ.

ಮಂಡಕ್ಕಿ_ಮಿರ್ಚಿ

ಅಕ್ಕ, ಮಂಡಕ್ಕಿ ಹೆಸರೇ ಇಲ್ವಲ್ಲ!

ಚಂದ್ರವಳ್ಳಿ

ತೂಕ ಇಲ್ಲ ನಿಜ, ಬ್ಯಾಗಲ್ಲಿ ಜಾಗ ಎಲ್ಲಿದೆ ತಮ್ಮಾ? ಒಂದು ಹೊತ್ತಿನದು ಅರ್ಧ ಬ್ಯಾಗು ತಿನ್ನುತ್ತೆ. ರೈಲಿಗೆ ಇಟ್ಕೊಳ್ಳಿ.

ಬಾತಿಗುಡ್ಡ

ಟೆಂಟಿನ ವಿಷಯ. ಮಾಮೂಲಿ ಗೂಟ ಹಿಮದಲ್ಲಿ ನಿಲ್ಲಲ್ಲ, ಬಿಸಿಲಿಗೆ ಲೋಹ ಕಾದು ಸುತ್ತಲಿನ ಹಿಮ ಕರಗಿ ತಾನೇ ಹೊರಬರುತ್ತೆ. ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಖಾಲಿ ಗೊಬ್ಬರದ ಚೀಲ ಚೆನ್ನಾಗಿ ತೊಳೆದು 30 ಸೆಂ.ಮೀ. ಚೌಕದ ತುಂಡು ಮಾಡಿ, ಟೆಂಟಿಗೆ 8 ಬೇಕು. ಅಂಚು ಬಿಚ್ಚಿಕೊಳ್ಳದ ಹಾಗೆ ಮೇಣದಬತ್ತಿಗೆ ಹಿಡಿದು ಕರಗಿಸಿ. ನಾಲ್ಕು ಮೂಲೆಗೆ ತೂತು, ನಾಲ್ಕಕ್ಕೂ ಒಂದೇ ದಾರ ಪೋಣಿಸಿ ಜೋಳಿಗೆಯ ಹಂಗೆ ಮಾಡಿ. ಅಲ್ಲಿ ಹೋಗಿ ಒಂದೂವರೆ ಅಡಿ ಗುಂಡಿ ತೋಡಿ, ಜೋಳಿಗೆ ತುಂಬಾ ಹಿಮ ಒತ್ತಿ ಗುಂಡಿಯಲ್ಲಿಟ್ಟು, ದಾರ ಟೆಂಟಿನ ಕಡೆ ಹೊರಗೆ ಬಿಟ್ಟು, ಮೇಲೆ ಹಿಮ ಹಾಕಿ ತುಳಿಯಿರಿ. ಹದಿನೈದು ಇಪ್ಪತ್ತು ನಿಮಿಷ ಮುಟ್ಟಬೇಡಿ. ತುಳಿದ ಹಿಮದ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ತಕ್ಷಣ ಎಳೆದರೆ ಕಿತ್ತುಬರುತ್ತೆ, ಬಿಟ್ಟರೆ ಬೆಳಿಗ್ಗೆ ಅಗೆದೇ ತೆಗೀಬೇಕು. ದಾರವನ್ನು ಗಂಟು ಹಾಕದೆ ಬರೀ ತೂರಿಸಿ ಎರಡೂ ತುದಿ ಟೆಂಟಿಗೆ ಕಟ್ಟಿದ್ದರೆ, ಚೀಲ ಕಟ್ಟಿಕೊಂಡರೂ ದಾರವಾದರೂ ಸಲೀಸಾಗಿ ಕೈಗೆ ಬರುತ್ತೆ.

ಟೆಂಟ್ ಹಾಕೋ ಜಾಗವನ್ನೂ ಮೊದಲೇ ತುಳಿದು ಅರ್ಧ ಗಂಟೆ ಬಿಡಿ. ಬಿಡದಿದ್ದರೆ ಸೊಂಟದ ಕೆಳಗೆ ಗುಂಡಿ ಬಿದ್ದು ರಾತ್ರಿಯೆಲ್ಲ ಒಬ್ಬರ ಮೇಲೊಬ್ಬರು ಉರುಳ್ತೀರಿ.

ಕೆಳಗೆ ಹಾಸೋಕೆ ಮೆಕ್ಕೆಜೋಳ ಒಣಹಾಕೋ ತಾಡಪಾಲು ಸಾಕು, ಆದರೆ ಕಣದಲ್ಲಿ ಬಳಸೋ ದಪ್ಪದ್ದು ಬೇಡ. 90 ಜಿಎಸ್‌ಎಂ (ಅಂದ್ರೆ ಚದರ ಮೀಟರಿಗೆ 90 ಗ್ರಾಂ) ತೆಳುವಿನದು 2 ಮೀ. ಉದ್ದ ಒಂದೂವರೆ ಮೀ. ಅಗಲಕ್ಕೆ 270 ಗ್ರಾಂ, 200 ಜಿಎಸ್‌ಎಂನದು 600. ಟೆಂಟಿನ ತಳಕ್ಕಿಂತ ಎಲ್ಲಾ ಕಡೆ ನಾಲ್ಕು ಬೆರಳು ಚಿಕ್ಕದಾಗಿ ಕತ್ತರಿಸಿ, ಹೊರಚಾಚಿದರೆ ಮೇಲಿಂದ ಇಳಿದ ನೀರು ಅದರ ಮೇಲೆ ನಿಂತು ಒಳಗೆ ಬರುತ್ತೆ.

ಏಳುಸುತ್ತು

ಇಳಿಜಾರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹಿಮಕುಸಿತ ಹೆಚ್ಚಾಗಿ ಆಗೋದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಸಪಾಟಾದರೆ ಜಾರೋದು ಕಮ್ಮಿ, ತೀರಾ ಕಡಿದಾದರೆ ಹಿಮ ನಿಲ್ಲಲ್ಲ. ತೊಂದರೆ ಏನಂದ್ರೆ, ನೀವು ನಿಂತಿರೋ ಜಾಗ ಸಪಾಟಿದ್ದರೂ ತಲೆ ಮೇಲಿನ ಇಳಿಜಾರು ಬರೋದು ನಿಮ್ಮ ಮೇಲೇ. ಮನೆಯಲ್ಲೇ ನಕ್ಷೆ ನೋಡಿ. 1:50,000 ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ 500 ಮೀಟರ್. ಎತ್ತರದ ಗೆರೆಗಳ ಅಂತರ 20 ಮೀಟರ್ ಇದ್ದರೆ, ಒಂದು ಸೆಂಟಿಮೀಟರಿನಲ್ಲಿ 14 ಗೆರೆ ಬಂದ ಕಡೆ ಇಳಿಜಾರು 30 ಡಿಗ್ರಿ ಮುಟ್ಟಿದೆ. ಅಂತರ 40 ಇದ್ದರೆ 7 ಗೆರೆ. ಅಂಥ ಕಡೆಗಳಿಗೆ ಕೆಂಪು ಪೆನ್ಸಿಲ್ ಹಚ್ಚಿ, ದಾರಿ ಅದರ ಒಳಗೆ ಅಥವಾ ನೇರ ಕೆಳಗೆ ಹೋಗೋ ಜಾಗ ಗುರುತಿಸಿ. ಸ್ಥಳದಲ್ಲಿ ಕೋಲನ್ನು ಹಿಮದ ಮೇಲೆ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಲೆವೆಲ್ ನೋಡಿದರೆ ಅಂಕಿ ಬರುತ್ತೆ.

ಹೊಸ ಹಿಮ ಬಿದ್ದ ಮೇಲೆ 24ರಿಂದ 48 ಗಂಟೆ ಕಡಿದಾದ ಕಡೆ ಕಾಲಿಡಬೇಡಿ. ಈ ಒಂದು ಕಾರಣಕ್ಕೇ ನಿಮ್ಮ ಪ್ಲಾನ್‌ನಲ್ಲಿ ಒಂದು ದಿನ ಖಾಲಿ ಇರಬೇಕು, ಈಗ ಇಲ್ಲ. ಬಿಸಿಲಿನ ದಿಕ್ಕೂ ಲೆಕ್ಕಕ್ಕೆ ಬರುತ್ತೆ: ಪೂರ್ವದ ಮೈ ಮೊದಲು ಕರಗುತ್ತೆ, ಪಶ್ಚಿಮದ್ದು ಮಧ್ಯಾಹ್ನ, ಉತ್ತರದ್ದು ದಿನವಿಡೀ ಗಡಸು ಮಂಜುಗಡ್ಡೆ. ಮೇಲಿಂದ ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಉರುಳುತ್ತಾ ಚಕ್ರದ ಹಾಗೆ ದಪ್ಪ ಆಗುತ್ತಿದ್ದರೆ ಆ ಮೈ ಒದ್ದೆಯಾಗಿದೆ, ಪಕ್ಕಕ್ಕೆ ಸರಿದು ಮರಗಳಿರೋ ದಿಣ್ಣೆಗೆ ಹೋಗಿ. ದಾಟಲೇಬೇಕಾದ ಕಡೆ ಒಬ್ಬೊಬ್ಬರೇ, ಸೊಂಟದ ಬಕಲ್ ಬಿಚ್ಚಿಕೊಂಡು, ಉಳಿದ ಮೂವರ ಕಣ್ಣು ದಾಟುವವರ ಮೇಲಿರಲಿ. ಹೂತವರು ಬದುಕೋ ಸಾಧ್ಯತೆ ಮೊದಲ 10–15 ನಿಮಿಷ ಕಳೆದ ಮೇಲೆ ಸರ್ರನೆ ಇಳಿಯುತ್ತೆ. ಹೊರಗಿನವರು ಬಂದು ಅಗೆಯೋವರೆಗೆ ಅಷ್ಟು ಹೊತ್ತು ಇರಲ್ಲ.

ಗೈಡ್ ಬೇಕಾ ಅಂದಿರಿ. ಬೇಕು. ಹೊರೆ ನೀವೇ ಹೊರಿ, ಅಡುಗೆ ನೀವೇ ಮಾಡಿ, ಆದರೆ ಸಾಂಕ್ರಿಯವರೊಬ್ಬರು ಜೊತೆಗಿರಲಿ. ದಾರಿ ತೋರಿಸೋಕಲ್ಲ, ದಾರಿ ಜಿಪಿಎಸ್ ತೋರಿಸುತ್ತೆ. ಈ ವರ್ಷ ಯಾವ ಕೊರಕಲಿನಲ್ಲಿ ಹಿಮ ಬಿದ್ದಿದೆ, ಯಾವ ತೊರೆಯ ಮೇಲಿನ ಹಿಮದ ಸೇತುವೆ ಟೊಳ್ಳಾಗಿದೆ ಅನ್ನೋದು ಮೊನ್ನೆ ಅಲ್ಲಿ ನಡೆದವರಿಗೆ ಮಾತ್ರ ಗೊತ್ತಿರುತ್ತೆ. ಜಾಗ ಗೋವಿಂದ ವನ್ಯಜೀವಿ ಪ್ರದೇಶದೊಳಗೆ ಬರುತ್ತೆ, ನೈಟ್ವಾಡ್ ಚೆಕ್‌ಪೋಸ್ಟ್‌ನಲ್ಲಿ ಶುಲ್ಕ ಕಟ್ಟಬೇಕು, ಗುರುತಿನ ಚೀಟಿಯ ನಕಲು ಒಂದಷ್ಟು ಇಟ್ಟುಕೊಳ್ಳಿ. ಎಲ್ಲಿ ಟೆಂಟ್ ಹಾಕಬಹುದು ಅನ್ನೋದನ್ನು ಅರಣ್ಯದವರನ್ನೇ ಕೇಳಿ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದ್ರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗೋದನ್ನು ನಿಷೇಧಿಸಿದ ಮೇಲೆ ಜಾಗದ ವಿಷಯದಲ್ಲಿ ಬಿಗಿ ಇದೆ.

ಔಷಧಿ_ಚೀಟಿ (ದಾವಣಗೆರೆ)

ಎತ್ತರದ ಕಾಯಿಲೆಯ ದೃಷ್ಟಿಯಿಂದ ಪ್ಲಾನ್ ತುಸು ಅವಸರದ್ದು. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಅನ್ನೋದು ವೈದ್ಯರ ಸಾಮಾನ್ಯ ಸಲಹೆ. ನೀವು 2,770ರಿಂದ 3,400ಕ್ಕೆ ಒಂದೇ ದಿನ ಹೋಗ್ತಿದ್ದೀರಿ. ದಾವಣಗೆರೆ ಇರೋದು 600 ಮೀಟರಿನಲ್ಲಿ, ಅದನ್ನೂ ನೆನಪಿಡಿ. ಜೂಡಾ ಕಾ ತಾಲಾಬ್‌ನಲ್ಲಿ ಇನ್ನೊಂದು ರಾತ್ರಿ ಉಳಿದು, ಹಗಲು 3,100ರವರೆಗೆ ಹತ್ತಿ ಇಳಿದು ಬಂದರೆ ಆ ದಿನವೇ ಹಿಮದ ಮೇಲೆ ನಡೆಯೋ ಅಭ್ಯಾಸವೂ ಆಗುತ್ತೆ.

ಅಸೆಟಜೋಲಮೈಡ್ (ಎತ್ತರದ ಕಾಯಿಲೆ ತಡೆಯೋ ಮಾತ್ರೆ) ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಹತ್ತೋ ಹಿಂದಿನ ದಿನದಿಂದ. ಅಂಗಡಿಯಲ್ಲಿ ಸಿಗೋ 250ರ ಮಾತ್ರೆ ಅರ್ಧ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು ಮುಟ್ಟಬಾರದು, ಎಲ್ಲರೂ ವೈದ್ಯರಿಗೆ ತೋರಿಸಿಯೇ ತಗೊಳ್ಳಿ. ಬೆರಳು ಜುಮ್ಮೆನ್ನುತ್ತೆ, ಮೂತ್ರ ಜಾಸ್ತಿ, ಅದು ಮಾಮೂಲು.

ತಲೆನೋವು, ವಾಕರಿಕೆ ಇದ್ದರೆ ಆ ದಿನ ಮೇಲೆ ಹೋಗಬೇಡಿ. ಗೆರೆ ಎಳೆದಂತೆ ಪಾದದ ಮುಂದೆ ಪಾದ ಇಟ್ಟು ನಡೆಯೋಕೆ ಹೇಳಿ. ವಾಲಿದರೆ, ಮಾತು ತೊದಲಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ರಾತ್ರಿಯಾದರೂ ಇಳಿಸಲೇಬೇಕು. ಬೆಳಗಾಗಲಿ ಅಂತ ಕಾಯೋದರಲ್ಲೇ ಜೀವ ಹೋಗೋದು.

ಬೆರಳು ಬೆಳ್ಳಗಾಗಿ ಸ್ಪರ್ಶ ಹೋದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟೋ ಭಯ ಇಲ್ಲದ ಜಾಗ ತಲುಪಿದ ಮೇಲೆ 37–39 ಡಿಗ್ರಿ ನೀರಿನಲ್ಲಿ ಅದ್ದಬೇಕು. ಕಣ್ಣಿಗೆ ಕೆಟಗರಿ 3 ಅಥವಾ 4ರ (ಗಾಢ ಬಣ್ಣದ) ತಂಪು ಕನ್ನಡಕ, ಪಕ್ಕ ಮುಚ್ಚಿರಬೇಕು. ಹೊಸ ಹಿಮ ನೇರಳಾತೀತ ಕಿರಣದ 80 ಶೇಕಡಾದಷ್ಟು ಹಿಂದಕ್ಕೆ ಎಸೆಯುತ್ತೆ. ಕಣ್ಣು ಸುಟ್ಟದ್ದು ಆಗ ಗೊತ್ತಾಗಲ್ಲ, ಕೆಲವು ಗಂಟೆ ಬಿಟ್ಟು ಮರಳು ಹಾಕಿದ ಹಾಗೆ ಉರಿಯುತ್ತೆ. ಸನ್‌ಸ್ಕ್ರೀನ್ ಮೂಗಿನ ಹೊಳ್ಳೆಯ ಒಳಗೂ, ಗದ್ದದ ಕೆಳಗೂ ಹಚ್ಚಿ, ಬಿಸಿಲು ಕೆಳಗಿಂದ ಬರುತ್ತೆ.

ವಾಣಿವಿಲಾಸ (ಹಿರಿಯೂರು)

ಬಟ್ಟೆ, ಸಾಮಾನು ಚುಟುಕಾಗಿ. ಹತ್ತಿ ಬನಿಯನ್, ಜೀನ್ಸ್ ಬೇಡ. ಬೆವರು ಹೀರಿ ಒದ್ದೆ ಉಳಿದು ಚಳಿ ಹಿಡಿಸುತ್ತೆ. ಒಳಗೆ ಉಣ್ಣೆ ಇಲ್ಲಾ ಪಾಲಿಯೆಸ್ಟರ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ-ಮಳೆ ತಡೆಯೋ ಜಾಕೆಟ್. ದಪ್ಪ ತುಪ್ಪಳದ್ದು ನಿಂತಾಗ ಹಾಕೋಕೆ ಮಾತ್ರ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನ್ನಿಸಬೇಕು, ಬೆಚ್ಚಗಿದ್ದರೆ ಜಾಸ್ತಿ ಹಾಕಿದ್ದೀರಿ ಅಂತ. ಕಾಲುಚೀಲ ನಡಿಗೆಗೆ ಎರಡು ಜೊತೆ, ಮಲಗೋಕೆ ಒಂದು ಬೇರೆ. ಅದನ್ನು ನಡಿಗೆಗೆ ತೊಡಬಾರದು.

ಮೈಕ್ರೋಸ್ಪೈಕ್ಸ್, ಗೇಟರ್ಸ್ (ಬೂಟಿನೊಳಗೆ ಹಿಮ ನುಗ್ಗದಂಗೆ ಕಾಲಿಗೆ ಸುತ್ತೋ ಹೊದಿಕೆ) ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತೆ. ತಗೊಳ್ಳೋ ಮೊದಲು ಬೂಟಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ, ರಬ್ಬರು ಎಳೆದಾಗ ಬಿರುಕು ಕಂಡರೆ ವಾಪಸ್ ಕೊಡಿ. ವಿಮಾನದಲ್ಲಿ ಹೋಗುವವರು ಕೋಲು, ಸ್ಪೈಕ್ಸ್ ಚೆಕ್-ಇನ್ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ.

ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿಂದ ಕಟ್ಟುತ್ತೆ, ತಲೆಕೆಳಗಾಗಿದ್ದರೆ ಬಾಯಿ ತೆರೆದೇ ಇರುತ್ತೆ. ನಳಿಕೆಯಿಂದ ಹೀರೋ ನೀರಿನ ಚೀಲ ಬೇಡ, ನಳಿಕೆ ಮೊದಲು ಕಟ್ಟುತ್ತೆ. ಟೊಳ್ಳು ನೂಲಿನ (ಹಾಲೋ ಫೈಬರ್) ನೀರಿನ ಫಿಲ್ಟರ್ ಇದ್ದರೆ ರಾತ್ರಿ ಮೈಗಂಟಿಸಿಕೊಂಡು ಮಲಗಿ. ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತೆ, ಹೊರಗೆ ಗೊತ್ತೇ ಆಗಲ್ಲ.

ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಯಾರಾದರೂ ವಿದೇಶದಿಂದ ತಂದಿದ್ದರೆ ಒಯ್ಯಬೇಡಿ, ಪರವಾನಗಿ ಇಲ್ಲದೆ ಇಟ್ಟುಕೊಳ್ಳೋದು ಇಲ್ಲಿ ಅಪರಾಧ. ಸಿಗ್ನಲ್ ಇರೋವರೆಗೆ 112, ರಾಜ್ಯದ ವಿಪತ್ತು ಕೇಂದ್ರಕ್ಕೆ 1070. ಊರಲ್ಲಿ ಒಬ್ಬರ ಕೈಲಿ ದಿನವಾರು ದಾರಿ, "ಇಂಥ ದಿನ ಸಂಜೆ 6ರೊಳಗೆ ಫೋನ್ ಬರದಿದ್ದರೆ ಇಂಥವರಿಗೆ ತಿಳಿಸು" ಅಂತ ಬರೆದು ಕೊಟ್ಟು ಹೋಗಿ.

ಜೋಗಿಮಟ್ಟಿ

ತಯಾರಿಗೆ: ದುರ್ಗದವರು ಕೋಟೆ ಮೆಟ್ಟಿಲು, ದಾವಣಗೆರೆಯವರು ಬಾತಿ ಗುಡ್ಡ. ಕುಂದವಾಡ ಕೆರೆ ಏರಿ ಸುತ್ತು ಉಸಿರಿಗೆ ಒಳ್ಳೇದು, ತೊಡೆಗೆ ಸಾಲಲ್ಲ. ಎಂಟು ವಾರ ಇದೆ ಅಂತಿಟ್ಕೊಳ್ಳಿ. ವಾರಕ್ಕೆ ಎರಡು ದಿನ ಹೊರೆ ನಡಿಗೆ, 6 ಕೆ.ಜಿ.ಯಿಂದ ಶುರು, ವಾರಕ್ಕೆ ಒಂದೂವರೆ ಕೆ.ಜಿ. ಏರಿಸಿ 14–15ಕ್ಕೆ ನಿಲ್ಲಿಸಿ. ಹೊರೆ ದೇಹತೂಕದ ಕಾಲುಭಾಗ ದಾಟಬಾರದು. ಹತ್ತೋದಕ್ಕಿಂತ ಹೊರೆ ಸಮೇತ ಇಳಿಯೋದು ಜಾಸ್ತಿ ಮಾಡಿ, ತೊಡೆ ನೋವು ಬರೋದು ಇಳಿಯೋದರಿಂದ. ಮೊಣಕಾಲಿಗೆ ಆಗದಿದ್ದರೆ ನೀರಿನ ಕ್ಯಾನ್ ಹೊತ್ತು ಹತ್ತಿ, ಮೇಲೆ ನೀರು ಚೆಲ್ಲಿ ಇಳಿಯಿರಿ. ಮಾರ್ಚ್‌ನಲ್ಲಿ ಒಂಬತ್ತರ ಮೇಲೆ ಬಂಡೆ ಕಾದ ಹೆಂಚು, ಬಿಸಿಲೇರೋ ಮೊದಲೇ ಮುಗಿಸೋ ಹಂಗೆ ಎದ್ದರೆ ನಸುಕಿನಲ್ಲಿ ಹೊರಡೋ ರೂಢಿಯೂ ಬರುತ್ತೆ. ಜೋಗಿಮಟ್ಟಿ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕತ್ತಲಲ್ಲಿ ಹೋಗಬೇಡಿ, ಕರಡಿ ಇದೆ.

ರೈಲು: ಯಶವಂತಪುರ–ಹಜರತ್ ನಿಜಾಮುದ್ದೀನ್ ಸಂಪರ್ಕ ಕ್ರಾಂತಿಯಲ್ಲಿ ಹುಬ್ಬಳ್ಳಿ ಮಾರ್ಗದ್ದು ದಾವಣಗೆರೆ ಮೇಲೆ ಹೋಗುತ್ತೆ, ಎರಡು ರಾತ್ರಿಯ ಪಯಣ, ದಿನಾ ಇರಲ್ಲ. ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ, ಹಳೇ 120 ದಿನದ ಲೆಕ್ಕ ಹಾಕಬೇಡಿ. ದೆಹಲಿಯಿಂದ ಡೆಹ್ರಾಡೂನ್‌ಗೆ ರಾತ್ರಿ ನಂದಾದೇವಿ ಎಕ್ಸ್‌ಪ್ರೆಸ್. ಆದರೆ ಸಾಂಕ್ರಿ ಬಸ್ಸು ಡೆಹ್ರಾಡೂನ್ ಬಿಡೋದು ಬೆಳಿಗ್ಗೆ ಬೇಗ, ಹತ್ತು ಗಂಟೆ ದಾರಿ. ಗ್ಯಾಸ್ ಕೊಳ್ಳೋಕೆ ಅಂಗಡಿ ತೆರೆದಿರಬೇಕಲ್ಲ, ಡೆಹ್ರಾಡೂನ್‌ನಲ್ಲಿ ಒಂದು ದಿನ ನಿಲ್ಲಲೇಬೇಕು. ನಗದು ದಾರಿಯಲ್ಲಿ ಸಿಗೋ ಪುರೋಲಾ ಊರಲ್ಲೇ ತಗೊಳ್ಳಿ, ಆಮೇಲೆ ಎಟಿಎಂ ನೆಚ್ಚಿಕೊಳ್ಳಂಗಿಲ್ಲ.

ಮಂಡಕ್ಕಿ_ಮಿರ್ಚಿ

ಎಲ್ಲರಿಗೂ ಶರಣು. ತಿದ್ದಿದ ಪ್ಲಾನ್: ದಿನ 1 ಡೆಹ್ರಾಡೂನ್, ಗ್ಯಾಸ್ ಖರೀದಿ. 2 ಸಾಂಕ್ರಿ, ಗೈಡ್, ಬಾಡಿಗೆ ಸಾಮಾನು. 3 ಜೂಡಾ ಕಾ ತಾಲಾಬ್. 4 ಅಲ್ಲೇ, ಹಗಲು 3,100 ಹತ್ತಿ ಇಳಿಯೋದು. 5 ಬೇಸ್, ಮಧ್ಯಾಹ್ನದೊಳಗೆ ಮುಟ್ಟೋದು. 6 ನಸುಕಿನ 3:30ಕ್ಕೆ ಹೊರಟು 8:30ಕ್ಕೆ ಹಿಂದಿರುಗೋದು, ಬೇಸ್‌ಗೆ ಬಂದು ಅದೇ ದಿನ ಸಾಂಕ್ರಿಗೆ. 7 ಹವಾಮಾನಕ್ಕೆ ಖಾಲಿ. 8 ಡೆಹ್ರಾಡೂನ್. ಗ್ಯಾಸ್ 230ರದ್ದು ಐದು ಕ್ಯಾನ್, ಸ್ಟವ್ ಎರಡು.

ಏಳುಸುತ್ತು

ಖಾಲಿ ದಿನ 7ರಲ್ಲಿದ್ದರೆ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಸಾಂಕ್ರಿಗೆ ಇಳಿದಿರ್ತೀರಿ. ಅದನ್ನು ಬೇಸ್‌ನ ಎರಡನೇ ರಾತ್ರಿ ಅಂತ ಬರೆದುಕೊಳ್ಳಿ: 6ರಂದು ಹಿಮ ಹೆಪ್ಪುಗಟ್ಟಿಲ್ಲ ಅಂದ್ರೆ 7ರಂದು ಪ್ರಯತ್ನ, ಆಗದಿದ್ದರೆ ನೇರ ಇಳಿಯೋದು. ಹೊಸ ಹಿಮ ಬಿದ್ದರೆ ಕಾಯಬೇಡಿ, ತುದಿ ಬಿಟ್ಟು ಇಳಿದುಬಿಡಿ, 48 ಗಂಟೆ ನಿಮ್ಮ ಹತ್ತಿರ ಇಲ್ಲ. ತುದಿಯಿಂದ ಬಂದ ದಿನ ಟೆಂಟ್ ಕಿತ್ತು 10:30ರೊಳಗೆ ಹೊರಡಿ, ಕೆಳಗಿನ ಕಾಡಿನ ದಾರಿಯಲ್ಲಿ ಮರದ ಬುಡದ ಸುತ್ತ ಹಿಮ ಟೊಳ್ಳಿರುತ್ತೆ, ಬುಡದಿಂದ ಎರಡು ಮಾರು ದೂರ ನಡೆಯಿರಿ.

ಕುಂದವಾಡ_ಏರಿ

ಬೇಸ್‌ನಲ್ಲಿ ಎರಡನೇ ರಾತ್ರಿ ಸೇರಿದರೆ ಗ್ಯಾಸ್ ಆರು ಕ್ಯಾನ್. ಬೇಸ್‌ನ ಎರಡು ದಿನ ಪೂರ್ತಿ ಹಿಮದ ನೀರು ಅಂತ ಹಿಡಿದರೆ 740 ಗ್ರಾಂ, ಜೂಡಾದ ಎರಡು ದಿನಕ್ಕೆ ಹರಿಯೋ ನೀರು ಸಿಕ್ಕರೆ 260. ಒಟ್ಟು ಸಾವಿರ, ಅದರ ಮೇಲೆ ಗಾಳಿಗೆ ಮೂರನೇ ಒಂದು ಭಾಗ ಸೇರಿಸಿ. ಖಾಲಿ ಕ್ಯಾನ್ ಆರೂ ವಾಪಸ್ ತರಬೇಕು, ಡೆಹ್ರಾಡೂನ್‌ನಲ್ಲೇ ಎಸೆಯಿರಿ. ಖಾಲಿಯಾದರೂ ರೈಲಿಗೆ ಹತ್ತಿಸಬೇಡಿ.